ಚಪ್ಪಲಿ ಮುಟ್ಟಿದ ಕೈ

ನಮ್ಮ ವಿದ್ಯಾರ್ಥಿಗಳು ಪುಸ್ತಕಕ್ಕೆ ರಟ್ಟು ಹಾಕುತ್ತಾರೆ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾರೆ. ಆದರೆ ಕಾಲಲ್ಲಿರುವ ಚಪ್ಪಲಿಗೆ ಎಂದಾದರೂ ಎಣ್ಣೆ ಸವರಿದ್ದೀರಾ ಎಂದು ಕೇಳಿದರೆ ತರಗತಿಯಲ್ಲಿ ನಗು ಏಳುತ್ತದೆ. ಆ ನಗುವಿನ ವಿಷಯವಾಗಿ ನಾವು ವಿದ್ಯಾರ್ಥಿಗಳೊಡನೆಯೂ ಅವರ ತಂದೆತಾಯಿಗಳೊಡನೆಯೂ ನಾಲ್ಕು ಮಾತನಾಡಬೇಕಾಗಿದೆ.

ಮೊದಲು ಚರ್ಮವೆಂದರೇನು ಎಂಬುದನ್ನು ತಿಳಿಯೋಣ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಯಾವ ಬೀಳು ನೆಲವನ್ನು ನೋಡಿದರೂ ಹಳದಿ ಹೂವಿನ ತಂಗಡಿ ಗಿಡ ಕಣ್ಣಿಗೆ ಬೀಳುತ್ತದೆ. ಅದರ ತೊಗಟೆಯಲ್ಲಿ ಒಗರಿನ ಸತ್ವವಿದೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿಟ್ಟು ಕೂದಲು ತೆಗೆದು, ಈ ತೊಗಟೆಯ ರಸದಲ್ಲಿ ದಿನಗಟ್ಟಲೆ ನೆನೆಹಾಕಿದರೆ, ಆ ಸತ್ವ ತೊಗಲಿನ ನಾರುಗಳಿಗೆ ಅಂಟಿಕೊಂಡು ಅದನ್ನು ಕೊಳೆಯದಂತೆ ಕಾಪಾಡುತ್ತದೆ. ಹೀಗೆ ಹದ ಮಾಡಿದ್ದೇ ಚರ್ಮ. ದಕ್ಷಿಣ ಭಾರತದ ಚರ್ಮೋದ್ಯಮ ಬಹುಕಾಲ ಈ ಬಡ ಗಿಡವನ್ನೇ ನಂಬಿತ್ತು. ಕಾಲೇಜಿನ ಮೆಟ್ಟಿಲು ಹತ್ತದವರು ಕಂಡುಕೊಂಡ ರಸಾಯನಶಾಸ್ತ್ರವಿದು.

ಹದ ಮಾಡದ ತೊಗಲಿನ ಗುಣವೇ ಬೇರೆ. ಹಬ್ಬದಲ್ಲಿ ತಮಟೆಯವರು ಬಾರಿಸುವ ಮೊದಲು ತಮಟೆಯನ್ನು ಬೆಂಕಿಗೆ ಹಿಡಿಯುವುದನ್ನು ನೋಡಿದ್ದೀರಿ. ತೇವ ಹೀರಿ ಸಡಿಲವಾದ ತೊಗಲು ಕಾವಿಗೆ ಬಿಗಿಯುತ್ತದೆ, ನಾದ ಬರುತ್ತದೆ. ಚಪ್ಪಲಿಗೆ ಇದೇ ಉಪಚಾರ ಮಾಡಿದರೆ ಕೆಟ್ಟಿತು! ಅದಕ್ಕೆ ಬೇಕಾದದ್ದು ಬಿಗಿಯಲ್ಲ, ಮೃದುತ್ವ. ಹದ ಮಾಡಿದ ಚರ್ಮದ ನಾರುಗಳ ನಡುವೆ ಜಿಡ್ಡು ಇರುತ್ತದೆ. ಅದರಿಂದಲೇ ಅದು ಮುರಿಯದೆ ಬಾಗುತ್ತದೆ. ನಮ್ಮ ಸೀಮೆಯ ಬಿಸಿಲಿಗೂ ಒಣಗಾಳಿಗೂ ಆ ಜಿಡ್ಡು ಆರಿದರೆ, ಮಡಿಚುವ ಕಡೆಯಲ್ಲೆಲ್ಲ ಬಿರುಕು ಬಿಡುತ್ತದೆ.

ಉಪಾಯ ಸುಲಭ. ಮೊದಲು ಒಣ ಬಟ್ಟೆಯಿಂದ ಧೂಳು ಒರೆಸಬೇಕು. ಹೊಲಿಗೆಯ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಬೆವರಿನ ಕಲೆಯಿದ್ದರೆ ಬಟ್ಟೆಯನ್ನು ನೀರಿನಲ್ಲದ್ದಿ, ಚೆನ್ನಾಗಿ ಹಿಂಡಿ, ಮೈಸಾಬೂನನ್ನು ಸ್ವಲ್ಪವೇ ತಾಗಿಸಿ ಒರೆಸಿ. ಬಟ್ಟೆ ಒಗೆಯುವ ಸೋಡಾ ಬೇಡ, ಬಕೆಟ್ಟಿನಲ್ಲಿ ಮುಳುಗಿಸುವುದಂತೂ ಬೇಡವೇ ಬೇಡ. ಅನಂತರ ನೆರಳಿನಲ್ಲಿ ಒಣಗಿಸಬೇಕು. ಮಳೆಯಲ್ಲಿ ನೆನೆದ ಬೂಟನ್ನು ಒಲೆಯ ಪಕ್ಕಕ್ಕಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಬೂಟಿನ ಆಯುಷ್ಯ ಮುಗಿಯುವುದು ಅಲ್ಲಿಯೇ. ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುರುಕಿದರೆ ಅದೇ ನೀರು ಹೀರುತ್ತದೆ, ಆಕಾರವೂ ಕೆಡದು.

ಒಣಗಿದ ಮೇಲೆ ಹರಳೆಣ್ಣೆಯ ನಾಲ್ಕು ಹನಿಯನ್ನು ಬಟ್ಟೆಗೆ ಹಾಕಿ ತೆಳ್ಳಗೆ ಸವರಿ, ರಾತ್ರಿ ಬಿಟ್ಟು, ಬೆಳಗ್ಗೆ ಒರೆಸಿಬಿಡಿ. ಬಣ್ಣ ತುಸು ಕಪ್ಪಾಗಬಹುದು. ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸುವುದು ಜಾಣತನ. ಹೊಂಗೆ ಎಣ್ಣೆಯೂ ಹಿಂದಿನಿಂದ ಬಳಕೆಯಲ್ಲಿದೆ, ವಾಸನೆ ಸಹಿಸಬೇಕು, ಅಷ್ಟೆ. ನಮ್ಮದು ಕಡಲೆಕಾಯಿಯ ಸೀಮೆಯೆಂದು ಅಡುಗೆಮನೆಯ ಕಡಲೆಕಾಯಿ ಎಣ್ಣೆಗೆ ಕೈ ಹಾಕಬೇಡಿ. ಅದು ಕಮಟಾಗಿ ಅಂಟಂಟಾಗುತ್ತದೆ. ಹೆಚ್ಚು ಹಚ್ಚಿದಷ್ಟೂ ಒಳ್ಳೆಯದೆಂಬುದೂ ತಪ್ಪು, ಧೂಳು ಮೆತ್ತಿಕೊಳ್ಳುತ್ತದೆ. ಪಾಲಿಷ್ ಮುಖ್ಯವಾಗಿ ಮೇಣ ಮತ್ತು ಬಣ್ಣ. ಅದು ಹೊಳಪು ಕೊಡುತ್ತದೆಯೇ ಹೊರತು ಒಣಗಿದ ಚರ್ಮಕ್ಕೆ ಜೀವ ಕೊಡಲಾರದು. ರೆಕ್ಸಿನ್ನಿಗೆ ಎಣ್ಣೆ ದಂಡ. ಅಂಚನ್ನು ನೋಡಿ: ನಾರು ಕಂಡರೆ ಚರ್ಮ, ಬಟ್ಟೆಯ ನೂಲು ಕಂಡರೆ ರೆಕ್ಸಿನ್.

ಇಷ್ಟೇ ಆಗಿದ್ದರೆ ಲೇಖನ ಬೇಕಿರಲಿಲ್ಲ. ಅಪ್ಪನ ಚಪ್ಪಲಿಯನ್ನು ಒರೆಸಲು ಕುಳಿತ ಹುಡುಗನಿಗೆ, "ಅದು ನಮ್ಮ ಕೆಲಸವಲ್ಲ, ಏಳು" ಎಂದು ಗದರಿಸುವ ಮನೆಗಳನ್ನು ನಾವು ಬಲ್ಲೆವು. ಹಾಗಾದರೆ ಅದು ಯಾರ ಕೆಲಸ? ಉತ್ತರ ಎಲ್ಲರಿಗೂ ಗೊತ್ತಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಮಗುವೇ ಮನೆಯಲ್ಲಿ ಈ ಗದರಿಕೆಯನ್ನು ಕೇಳುತ್ತದೆ. ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ತೊಗಲಿನಿಂದ ರಾಮ, ಹನುಮರ ಬೊಂಬೆ ಮಾಡುತ್ತಾರೆ. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ತೊಗಲು ಬೊಂಬೆಯಾದರೆ ಕೈಮುಗಿಯುವವರು, ಚಪ್ಪಲಿಯಾದರೆ ಮೂಗು ಮುರಿಯುವುದೇಕೆ?

ಹರಳಯ್ಯನ ಕಥೆಯನ್ನು ನೀವು ಕೇಳಿದ್ದೀರಿ. ಗಾಂಧೀಜಿಯ ಕಥೆಯನ್ನೂ ಕೇಳಿ. ದಕ್ಷಿಣ ಆಫ್ರಿಕದಲ್ಲಿ ಅವರು ಚಪ್ಪಲಿ ಮಾಡುವುದನ್ನು ಕಲಿತು, ಸೆರೆಮನೆಯಲ್ಲಿ ಮಾಡಿದ ಒಂದು ಜೊತೆಯನ್ನು 1914ರಲ್ಲಿ ತಮ್ಮನ್ನು ಸೆರೆಗೆ ಹಾಕಿದ್ದ ಜನರಲ್ ಸ್ಮಟ್ಸರಿಗೇ ಕಾಣಿಕೆಯಾಗಿ ಕೊಟ್ಟರು. ಅನೇಕ ಬೇಸಿಗೆಗಳಲ್ಲಿ ಅದನ್ನು ಮೆಟ್ಟಿದ ಸ್ಮಟ್ಸ್ 1939ರಲ್ಲಿ ಗೌರವದಿಂದ ಹಿಂದಿರುಗಿಸಿದರು. ಬ್ಯಾರಿಸ್ಟರರ ಕೈಗೆ ಆಗದ ಮೈಲಿಗೆ ನಮ್ಮ ಮಕ್ಕಳ ಕೈಗೆ ಆಗುವುದೆಂದು ನಾವು ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಅದು ಧೂಳಿಗಾಗಿ, ಮಡಿಗಾಗಿ ಅಲ್ಲ.

ನಮ್ಮದೊಂದು ಸಲಹೆಯಿದೆ. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುತ್ತ ಕುಳಿತಿರುವ ಹಿರಿಯರೊಬ್ಬರನ್ನು ವರ್ಷಕ್ಕೆರಡು ಬಾರಿ ಶಾಲೆಗೆ ಕರೆಸಬೇಕು. ಯಾವ ಚರ್ಮಕ್ಕೆ ಯಾವ ದಾರ, ಯಾವ ಹೊಲಿಗೆ ಎಂಬುದು ಅವರಿಗೆ ತಿಳಿದಷ್ಟು ನಮಗಾರಿಗೂ ತಿಳಿಯದು. ಅವರಿಗೆ ಅಧ್ಯಾಪಕರ ಕುರ್ಚಿಯನ್ನೇ ಹಾಕಬೇಕು, ಆ ದಿನದ ಸಂಪಾದನೆಗೆ ಕಡಿಮೆಯಾಗದಂತೆ ಸಂಭಾವನೆ ಕೊಡಬೇಕು. ಮಕ್ಕಳು ತಂತಮ್ಮ ಮನೆಯ ಚಪ್ಪಲಿಯನ್ನು ತರಲಿ. ಒರೆಸದೆ ಮಾತ್ರ ತರಬಾರದು.