ಡಬ್ಬಿ ಮೇಲಿನ ನಂಬರ್ ನಂಬಬೇಡಿ

1/5
ಹಳೇ ಮಿಲಿಟರಿ ಗುಂಡು, ಹೊಸ ಆ್ಯಪ್. ಡಬ್ಬಿ ಮೇಲಿರೋ ವೇಗ ಟೈಪ್ ಮಾಡಿದ್ರೆ ಸಾಕು, ದೂರದ ಗುರಿಗೆ ಗುಂಡು ಎಷ್ಟು ಇಳಿಯುತ್ತೆ ಅಂತ ಕರೆಕ್ಟಾಗಿ ಹೇಳುತ್ತಂತೆ. ನಂಬಬೇಡಿ ಫ್ರೆಂಡ್ಸ್. ಆ್ಯಪಿನ ಗಣಿತ ಸರಿ ಇರಬಹುದು, ನೀವು ಕೊಟ್ಟ ನಂಬರ್ರೇ ಹಳಸಿದ್ದು.

2/5
ನಮ್ಮ ಪೊಲೀಸರ ಹೆಗಲ ಮೇಲೆ ನೋಡಿರೋ ತ್ರೀ-ನಾಟ್-ತ್ರೀ ತಗೊಳ್ಳಿ. ಬ್ರಿಟಿಷರು 1910ರಲ್ಲಿ ತಂದ ಮಾರ್ಕ್ 7 ಗುಂಡು 174 ಗ್ರೇನ್, ಅಂದ್ರೆ 11.3 ಗ್ರಾಂ. ನಳಿಗೆಯಿಂದ ಹೊರಬರುವಾಗ ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಅದು ಹೊಸದರಲ್ಲಿ. ದಶಕಗಟ್ಟಲೆ ಬಿಸಿಲು, ತೇವ ಕಂಡ ಮದ್ದು ಹಾಗೇ ಇರುತ್ತಾ?

3/5
ಪಿಯುಸಿ ಫಿಸಿಕ್ಸ್ ಸಾಕು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿ: 500 ಮೀಟರ್‌ಗೆ 0.67 ಸೆಕೆಂಡ್, ಇಳಿತ 2.2 ಮೀಟರ್. ವೇಗ ಬರೀ 30 ಕಡಿಮೆಯಾದ್ರೆ ಇಳಿತ 2.4. ಹೆಚ್ಚುಕಮ್ಮಿ ಒಂದು ಗೇಣು ಕೆಳಗೆ! ಗಾಳಿ ಸೇರಿಸಿದ್ರೆ ಇನ್ನೂ ಜಾಸ್ತಿ.

4/5
‘ಆವರೇಜ್ ತಗೊಂಡ್ರೆ ಆಯ್ತಲ್ವಾ?’ ಒಂದು ಗುಂಡು 744, ಇನ್ನೊಂದು 714. ಆವರೇಜ್ 729. ಆ ವೇಗದಲ್ಲಿ ಎರಡೂ ಹೋಗಿಲ್ಲ! ಸೈಟ್ ತಿರುಗಿಸಿದ್ರೆ ಆವರೇಜ್ ಸರಿಹೋಗುತ್ತೆ, ಗುಂಡಿಂದ ಗುಂಡಿಗಿರೋ ವ್ಯತ್ಯಾಸ ಹೋಗಲ್ಲ.

5/5
ಹಾಗಾದ್ರೆ? ರೇಂಜಲ್ಲಿ, ಕೋಚ್ ಎದುರು, ಕ್ರೋನೋಗ್ರಾಫ್ ಇಟ್ಟು ಅದೇ ಲಾಟಿನ ಗುಂಡುಗಳ ವೇಗ ಅಳೀರಿ. ಅತಿ ಹೆಚ್ಚು, ಅತಿ ಕಡಿಮೆ ಎರಡೂ ಬರೆದಿಡಿ. ಅಂತರ ದೊಡ್ಡದಿದ್ರೆ ಗುರಿಯ ದೂರ ಕಡಿಮೆ ಮಾಡಿ. ತಪ್ಪಿದ ಗುಂಡು ಗಾಳಿಯಲ್ಲಿ ಕರಗಲ್ಲ, ಎಲ್ಲೋ ಬಿದ್ದೇ ಬೀಳುತ್ತೆ.

ಒಪ್ಪಲ್ವಾ? ನಿಮ್ಮ ಲೆಕ್ಕ ಕಾಮೆಂಟಲ್ಲಿ ಹಾಕಿ. ಅಳೆದ ಲೆಕ್ಕ ಮಾತ್ರ!