ಜೇಬಿನ ಡೈರಿಯೂ ಗಣಕಯಂತ್ರದ ನೆನಪೂ

ನಾನು ತರಗತಿ ಶಿಕ್ಷಕನಾಗಿದ್ದಾಗ ವಿದ್ಯಾರ್ಥಿಗಳ ವಿಳಾಸಗಳನ್ನು ಜೇಬಿನ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಪ್ರತಿ ಸಲವೂ ಕಛೇರಿಯ ದಾಖಲಾತಿ ಪುಸ್ತಕವನ್ನು ತೆರೆಸುವ ಶ್ರಮ ಉಳಿಯುತ್ತಿತ್ತು. ಒಂದು ಬೇಸಗೆಯಲ್ಲಿ ಹುಡುಗನೊಬ್ಬನ ವಿದ್ಯಾರ್ಥಿವೇತನದ ಕಾಗದವನ್ನು ಡೈರಿಯಲ್ಲಿದ್ದ ವಿಳಾಸಕ್ಕೆ ಕಳುಹಿಸಿದೆ. ಅವರು ಆಗಲೇ ಮನೆ ಬದಲಿಸಿದ್ದರು. ಕಛೇರಿಯ ಪುಸ್ತಕದಲ್ಲಿ ತಿದ್ದುಪಡಿಯೂ ಆಗಿತ್ತು. ಕಾಗದ ನನ್ನ ಕೈಗೇ ಹಿಂದಿರುಗುವಷ್ಟರಲ್ಲಿ ಗಡುವು ಮುಗಿದಿತ್ತು. ಆ ಹುಡುಗನ ಮುಖ ಇಂದಿಗೂ ಕಣ್ಣಮುಂದಿದೆ.

ಇದು ನೆನಪಾದದ್ದು ಈಚೆಗೆ. ಹಳೆಯ ವಿದ್ಯಾರ್ಥಿಗಳು ತಮ್ಮ ಸಂಘದ ಜಾಲತಾಣವನ್ನು ಹೊಸ ಸರ್ವರಿಗೆ ಸ್ಥಳಾಂತರಿಸಿದರು. ಎಲ್ಲರೂ ಹೊಸ ಪುಟ ನೋಡುತ್ತಿರಲು ನನಗೆ ಮಾತ್ರ ಹಳೆಯದೇ ಕಾಣುತ್ತಿತ್ತು. "ನಿಮ್ಮ ಗಣಕಯಂತ್ರದ ಡಿಎನ್ಎಸ್ ಕ್ಯಾಶೆ ಕಾರಣ ಸಾರ್, ಅದನ್ನು ನಿಲ್ಲಿಸಿಬಿಡಿ" ಎಂದನೊಬ್ಬ. ಈ ಸಲಹೆಯನ್ನು ನಾನು ಒಪ್ಪಲಾರೆ.

ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಪರಿವರ್ತಿಸುವ ಡಿಎನ್ಎಸ್ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಒಮ್ಮೆ ಕೇಳಿ ತಿಳಿದ ವಿಳಾಸವನ್ನು ವಿಂಡೋಸ್ ಯಂತ್ರ ತನ್ನಲ್ಲೇ ನೆನಪಿಟ್ಟುಕೊಳ್ಳುತ್ತದೆ. ಪ್ರತಿ ಪುಟಕ್ಕೂ ಮತ್ತೆ ಮತ್ತೆ ಕೇಳುವ ಕಾಲ ಉಳಿಯುತ್ತದೆ. ನಿಧಾನಗತಿಯ ಸಂಪರ್ಕವುಳ್ಳ ಹಳ್ಳಿಯ ಮನೆಯಲ್ಲಿ ಈ ಉಳಿತಾಯ ಸಣ್ಣದಲ್ಲ.

ನಷ್ಟವೂ ಉಂಟು. ವಿಳಾಸ ಬದಲಾದರೂ ಯಂತ್ರ ಹಳೆಯದನ್ನೇ ನಂಬಿರುತ್ತದೆ. "ಅಂಥ ಹೆಸರಿಲ್ಲ" ಎಂಬ ಉತ್ತರವನ್ನೂ ಅದು ಕೆಲಕಾಲ ನೆನಪಿಡುವುದರಿಂದ, ಹೊಸದಾಗಿ ಹುಟ್ಟಿದ ತಾಣವೂ ಇಲ್ಲವೆಂದೇ ತೋರಬಹುದು. ಒಂದೇ ಯಂತ್ರವನ್ನು ಹಲವರು ಬಳಸುವಲ್ಲಿ, ಯಾರು ಯಾವ ತಾಣಕ್ಕೆ ಹೋದರೆಂಬುದರ ಸುಳಿವೂ ಅಲ್ಲಿ ಉಳಿದೀತು.

ಆದರೆ ನನ್ನ ಡೈರಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಡಿಎನ್ಎಸ್‌ನ ಪ್ರತಿಯೊಂದು ಉತ್ತರಕ್ಕೂ ಟಿಟಿಎಲ್ ಎಂಬ ಆಯುಷ್ಯವಿರುತ್ತದೆ: 3,600 ಸೆಕೆಂಡೆಂದರೆ ಒಂದು ಗಂಟೆ, 86,400 ಎಂದರೆ ಒಂದು ದಿನ. ಅದು ಮುಗಿದೊಡನೆ ಮತ್ತೆ ಕೇಳಲೇಬೇಕು. ನನ್ನ ಡೈರಿಯ ವಿಳಾಸಕ್ಕೆ ಅಂಥ ಗಡುವಿರಲಿಲ್ಲ, ತಪ್ಪಿದ್ದುದು ಅಲ್ಲಿ.

ಇನ್ನೊಂದು ಮಾತು. ಅಂದು "ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್" ಎಂಬ ಆಜ್ಞೆಯಿಂದ ನೆನಪನ್ನು ಅಳಿಸಿದರೂ ಹಳೆಯ ಪುಟವೇ ಬಂದಿತು! ಅಂತರಜಾಲ ಸೇವೆ ಒದಗಿಸುವವರ ಸರ್ವರೂ ಅದೇ ವಿಳಾಸವನ್ನು ನೆನಪಿಟ್ಟಿತ್ತು. ಮರುದಿನ ಎಲ್ಲವೂ ತಾನಾಗಿ ಸರಿಹೋಯಿತು. ನನ್ನ ಯಂತ್ರದ ಕ್ಯಾಶೆಯನ್ನು ನಿಲ್ಲಿಸಿದ್ದರೆ ವೇಗ ಕಳೆದುಕೊಳ್ಳುತ್ತಿದ್ದೆನೇ ಹೊರತು ಹೊಸ ಪುಟ ಸಿಗುತ್ತಿರಲಿಲ್ಲ. ಸ್ಥಳಾಂತರಕ್ಕೆ ಒಂದೆರಡು ದಿನ ಮೊದಲೇ ಸಂಘದವರು ಟಿಟಿಎಲ್ ಅನ್ನು ಕೆಲವು ನಿಮಿಷಗಳಿಗೆ ಇಳಿಸಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಆದುದರಿಂದ ಕ್ಯಾಶೆ ಇರಲಿ. ಅನುಮಾನ ಬಂದಾಗ ಅಳಿಸುವ ಕ್ರಮವೂ ತಿಳಿದಿರಲಿ. ಮನೆ ಬದಲಿಸುವವರು ಮುಂಚಿತವಾಗಿ ತಿಳಿಸಬೇಕು, ವಿಳಾಸ ಬರೆದುಕೊಂಡವರು ಆಗಾಗ ವಿಚಾರಿಸಬೇಕು. ಎರಡನೆಯ ಪಾಠವನ್ನು ನಾನು ಕಲಿತದ್ದು ಒಬ್ಬ ವಿದ್ಯಾರ್ಥಿಯ ನಷ್ಟದಿಂದ.