ಸಬ್ಸಿಡಿ ಕೈಗೆ ಬರುವುದು ಯಾವಾಗ?

ಪತ್ರಿಕೋದ್ಯಮದಲ್ಲಿ ಪದವಿ ಮುಗಿಸಿ ಆರು ತಿಂಗಳು ಅಲೆದ ಮೇಲೆ ನನಗೆ ಸಿಕ್ಕಿದ್ದು ಕೆಲಸವಲ್ಲ, ಇಂಟರ್ನ್‌ಶಿಪ್. ಧಾರವಾಡದ ಒಂದು ಸ್ವಯಂಸೇವಾ ಸಂಸ್ಥೆ. ಹಳ್ಳಿಯ ಯುವಕ ಯುವತಿಯರು ಸ್ವಂತ ಉದ್ಯೋಗ ಆರಂಭಿಸಲು ನೆರವಾಗುವುದು ಅದರ ಕೆಲಸ. ಅದನ್ನು ಜನರಿಗೆ ತಿಳಿಸುವುದು ನನ್ನ ಕೆಲಸ. ಪೋಸ್ಟರ್ ಬರೆಯಬೇಕು, ವಾಟ್ಸ್‌ಆ್ಯಪ್ ಗುಂಪುಗಳಿಗೆ ಸಂದೇಶ ಸಿದ್ಧಪಡಿಸಬೇಕು, ಪತ್ರಿಕೆಗಳಿಗೆ ಸುದ್ದಿ ಕಳಿಸಬೇಕು, ತಿಂಗಳಿಗೆ ಎರಡು ‘ಯಶೋಗಾಥೆ’ ಬರೆಯಬೇಕು. ಸ್ಟೈಪೆಂಡ್ ₹6 ಸಾವಿರ. ‘ಉದ್ಯೋಗ ಕೇಳುವವರಾಗಬೇಡಿ, ಕೊಡುವವರಾಗಿ’ ಎಂಬ ಘೋಷಣೆಯನ್ನು ಬೆಳಿಗ್ಗೆ ಪೋಸ್ಟರ್‌ನಲ್ಲಿ ಬರೆದು, ಸಂಜೆ ಪಿ.ಜಿ.ಗೆ ಬಂದು ನಾನೇ ಉದ್ಯೋಗ ಕೇಳಿ ಅರ್ಜಿ ಹಾಕುತ್ತಿದ್ದೆ.

ಮೊದಲ ತಿಂಗಳು ನಾನು ಬರೆದ ಪೋಸ್ಟರ್ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಕುರಿತದ್ದು. ‘ನಿಮ್ಮ ಉದ್ಯಮಕ್ಕೆ ಸರ್ಕಾರದಿಂದ ಶೇ 35 ಸಬ್ಸಿಡಿ! ಇಂದೇ ಸಂಪರ್ಕಿಸಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಅದು ಸುಳ್ಳೇನೂ ಅಲ್ಲ. ಗ್ರಾಮೀಣ ಭಾಗದಲ್ಲಿ ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮುಂತಾದವರು ಹೊಸ ಘಟಕ ಆರಂಭಿಸಿದರೆ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ ಇದೆ. ಪೋಸ್ಟರ್ ಗುಂಪಿನಿಂದ ಗುಂಪಿಗೆ ಹರಿದಾಡಿತು. ದಿನವಿಡೀ ಕರೆಗಳು ಬಂದವು. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟಿದರು.

ಎರಡು ವಾರದ ಬಳಿಕ ನವಲಗುಂದ ಕಡೆಯ ಹುಡುಗನೊಬ್ಬ ಕಚೇರಿಗೆ ಬಂದ. ಐಟಿಐ ಮುಗಿಸಿದ್ದ, ವೆಲ್ಡಿಂಗ್ ಅಂಗಡಿ ಹಾಕುವ ಆಸೆ. ಅವನ ಮೊಬೈಲ್‌ನಲ್ಲಿ ನನ್ನದೇ ಪೋಸ್ಟರ್ ಇತ್ತು. ‘ಅಕ್ಕಾರ, ಈ ರೊಕ್ಕ ಕೈಗೆ ಯಾವಾಗ ಬರ್ತೈತ್ರಿ?’ ಎಂದು ಕೇಳಿದ. ₹4 ಲಕ್ಷದ ಅಂಗಡಿಗೆ ಶೇ 35 ಎಂದರೆ ₹1.40 ಲಕ್ಷ ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಅಷ್ಟೂ ಹಣ ಮೊದಲೇ ಕೈಗೆ ಬರುತ್ತದೆ ಎಂದು ನಂಬಿ, ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ₹30 ಸಾವಿರ ಸಾಲ ತಂದು, ಯಂತ್ರ ಮಾರುವವರಿಗೆ ಮುಂಗಡ ಕೊಟ್ಟಿದ್ದ. ಅಂದರೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ತಿಂಗಳಿಗೆ ₹900 ಬಡ್ಡಿ.

ಅವನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಪೋಸ್ಟರ್ ಬರೆದವಳು ನಾನೇ, ಆದರೆ ಆ ಶೇ 35 ಯಾವ ದಾರಿಯಲ್ಲಿ ಬರುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಹಿರಿಯರು ಅವನನ್ನು ಕೂರಿಸಿಕೊಂಡು ಹಾಳೆಯ ಮೇಲೆ ಬರೆದು ತೋರಿಸಿದರು. ₹4 ಲಕ್ಷದ ಯೋಜನೆಯಲ್ಲಿ ಶೇ 5, ಅಂದರೆ ₹20 ಸಾವಿರ ಅವನ ಸ್ವಂತ ಹಣ. ಉಳಿದ ₹3.80 ಲಕ್ಷ ಬ್ಯಾಂಕಿನದು. ಸಬ್ಸಿಡಿಯ ₹1.40 ಲಕ್ಷ ಅವನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಅವನ ಹೆಸರಿನಲ್ಲಿ 3 ವರ್ಷ ಠೇವಣಿಯಾಗಿ ಇರುತ್ತದೆ. ಸಾಲದ ಅಷ್ಟು ಭಾಗಕ್ಕೆ ಬಡ್ಡಿ ಇಲ್ಲ. ಘಟಕ ನಡೆಯುತ್ತಿದೆ ಎಂದು ಪರಿಶೀಲನೆಯಲ್ಲಿ ಖಚಿತವಾದ ಮೇಲೆ ಅದು ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಇನ್ನು ಅರ್ಜಿಯೇ ಹಾಕಿಲ್ಲದವನಿಗೆ ಬ್ಯಾಂಕು ಸಾಲ ಕೊಡುತ್ತದೆಯೋ ಇಲ್ಲವೋ ಎಂಬುದು ಬೇರೆಯೇ ಮಾತು.

ಅವನು ಜಗಳ ಮಾಡಲಿಲ್ಲ. ‘ನೀವ ಬರ್ದಿದ್ರಲ್ರಿ’ ಎಂದಷ್ಟೇ ಹೇಳಿದ. ಮುಂಗಡದಲ್ಲಿ ₹10 ಸಾವಿರ ವಾಪಸ್ ಬರಲೇ ಇಲ್ಲ.

ಆ ಮಾತು ಮನಸ್ಸಿನಲ್ಲಿ ಇದ್ದುದರಿಂದಲೋ ಏನೋ, ನಾನು ಬರೆದಿದ್ದ ಯಶೋಗಾಥೆಗಳನ್ನೂ ಮತ್ತೆ ತೆಗೆದು ನೋಡಿದೆ. ಅದರಲ್ಲೊಂದು, ಜೋಳದ ರೊಟ್ಟಿ ಮಾಡಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಕೊಡುವ ಯುವತಿಯದು. ‘ತಿಂಗಳಿಗೆ ₹60 ಸಾವಿರ ಗಳಿಸುವ ರೊಟ್ಟಿ ಉದ್ಯಮಿ’ ಎಂದು ಶೀರ್ಷಿಕೆ ಕೊಟ್ಟಿದ್ದೆ. ಮತ್ತೆ ಅವಳ ಮನೆಗೆ ಹೋಗಿ ವಹಿ ತೆರೆಸಿದೆ. ₹60 ಸಾವಿರ ಎಂಬುದು ಮಾರಾಟ. ಜೋಳ, ಬೀಸುವ ಖರ್ಚು ₹21 ಸಾವಿರ. ಇಬ್ಬರು ಹೆಂಗಸರ ಸಂಬಳ ₹14 ಸಾವಿರ. ಕಟ್ಟಿಗೆ, ಗ್ಯಾಸ್ ₹5 ಸಾವಿರ. ಪ್ಯಾಕಿಂಗ್, ಬಸ್ಸು, ಆಟೊ ₹6,500. ಸಾಲದ ಕಂತು ₹5 ಸಾವಿರ. ಉಳಿದದ್ದು ₹8,500. ಬೆಳಗಿನ ಜಾವ ನಾಲ್ಕಕ್ಕೆ ಏಳುವ ಅವಳ ಮತ್ತು ಅವಳ ತಾಯಿಯ ದುಡಿಮೆಯ ಕೂಲಿಯೂ ಅದರಲ್ಲೇ ಸೇರಿತ್ತು.

‘ನೀವು ಬರ್ದದ್ದು ಓದಿ ನಮ್ಮ ಬೀಗರು ಸಾಲಾ ಕೇಳಾಕ ಬಂದಿದ್ರು’ ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ‘ಈ ಲೆಕ್ಕಾನ ಬರೀರಿ. ಬ್ಯಾರೆ ಹುಡುಗ್ಯಾರು ನೋಡ್ಕೊಂಡು ಇಳೀಲಿ’ ಎಂದಳು. ನನ್ನ ಬರಹದಲ್ಲಿ ಏನು ಇರಬೇಕಿತ್ತು ಎಂಬುದನ್ನು ಯಾವ ತರಗತಿಯಲ್ಲೂ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

₹8,500 ಸಣ್ಣ ಸಾಧನೆ ಎಂದು ನಾನು ಹೇಳುತ್ತಿಲ್ಲ. ಊರು ಬಿಡದೆ, ಇನ್ನಿಬ್ಬರಿಗೆ ಸಂಬಳ ಕೊಟ್ಟು, ಕಂತು ತಪ್ಪಿಸದೆ ನಡೆಯುತ್ತಿರುವ ಕೆಲಸ ಅದು. ಆದರೆ ಅದನ್ನು ₹60 ಸಾವಿರ ಎಂದು ಬರೆದಾಗ ಎರಡು ಅನ್ಯಾಯ ಆಗುತ್ತದೆ. ಅವಳ ನಿಜವಾದ ಕಷ್ಟ ಮರೆಯಾಗುತ್ತದೆ. ಓದಿದ ಇನ್ನೊಬ್ಬಳು ಆ ಅಂಕಿಯನ್ನು ನಂಬಿ ಸಾಲ ಮಾಡುತ್ತಾಳೆ.

ಸ್ವಂತ ಉದ್ಯೋಗ ಮಾಡಿ ಎಂಬ ಉಪದೇಶ ಈಗ ನಮಗೆ ಎಲ್ಲ ಕಡೆಯಿಂದ ಸಿಗುತ್ತದೆ: ಕಾಲೇಜಿನ ಸಮಾರಂಭಗಳಲ್ಲಿ, ರೀಲ್ಸ್‌ಗಳಲ್ಲಿ, ಮನೆಗೆ ಬಂದ ನೆಂಟರಿಂದ. ಧೈರ್ಯ ತುಂಬುವವರಿಗೆ ಕೊರತೆಯಿಲ್ಲ. ಲೆಕ್ಕ ಹೇಳುವವರು ಕಡಿಮೆ. ಅಪ್ಪನ ಅಂಗಡಿ ಇರುವ ಹುಡುಗ ಈ ಲೆಕ್ಕವನ್ನು ಮನೆಯಲ್ಲೇ ಕಲಿತಿರುತ್ತಾನೆ. ಮೊದಲ ಬಾರಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವವರಿಗೆ ಅದನ್ನು ಹೊರಗಿನವರು ತಿಳಿಸಬೇಕು. ಆರ್ಥಿಕ ಸಬಲೀಕರಣ ಎಂಬ ದೊಡ್ಡ ಪದದಲ್ಲಿ ಪ್ರಚಾರ ವಿಭಾಗದವರ ಪಾಲು ಏನಾದರೂ ಇದ್ದರೆ ಅದು ಇಷ್ಟೇ: ಸಾಲ ಮಾಡುವ ಮುನ್ನ ತಿಳಿಯಬೇಕಾದದ್ದನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವುದು.

ಉಳಿದ ತಿಂಗಳುಗಳಲ್ಲಿ ನಾನು ಅದನ್ನೇ ಮಾಡಲು ನೋಡಿದೆ. ಹೊಸ ಪೋಸ್ಟರ್‌ನಲ್ಲಿ ‘ಸಬ್ಸಿಡಿ ನಗದಾಗಿ ಸಿಗುವುದಿಲ್ಲ. ಸಾಲ ಮಂಜೂರಾಗುವ ಮೊದಲು ಯಾರಿಗೂ ಮುಂಗಡ ಕೊಡಬೇಡಿ’ ಎಂಬ ಸಾಲು ಮೇಲೆಯೇ ಇತ್ತು. ಉದ್ಯಮ್ ನೋಂದಣಿ ಉಚಿತ, ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಕಿಲ್ಲ ಎಂದು ಬರೆದೆವು. ಸಣ್ಣದಾಗಿ ಶುರು ಮಾಡುವವರಿಗೆ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ ಜಾಮೀನಿಲ್ಲದೆ ₹50 ಸಾವಿರದವರೆಗೆ ಸಾಲವಿದೆ, ಆದರೆ ಅದೂ ತೀರಿಸಬೇಕಾದ ಸಾಲವೇ ಎಂದು ತಿಳಿಸಿದೆವು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ತರಬೇತಿ, ಊಟ, ವಸತಿ ಉಚಿತ. ಸಾಲಕ್ಕೆ ಮೊದಲು ಅಲ್ಲಿಗೆ ಹೋಗಿ ಎಂದೆವು. ಈ ಪೋಸ್ಟರ್ ಮೊದಲಿನದರಷ್ಟು ಹರಿದಾಡಲಿಲ್ಲ. ಕರೆಗಳೂ ಕಡಿಮೆಯಾದವು. ಕರೆ ಮಾಡಿದವರು ಮಾತ್ರ ಸರಿಯಾದ ಪ್ರಶ್ನೆ ಕೇಳುತ್ತಿದ್ದರು: ಸ್ವಂತ ಹಣ ಎಷ್ಟು ಬೇಕು, ಕಂತು ಎಷ್ಟು, ಮೊದಲ ಮೂರು ತಿಂಗಳು ವ್ಯಾಪಾರ ಆಗದಿದ್ದರೆ ಏನು ಮಾಡುವುದು.

ತಿಂಗಳ ವರದಿಯಲ್ಲಿ ‘ಎಷ್ಟು ಜನರಿಗೆ ತಲುಪಿತು’ ಎಂಬ ಕಾಲಂ ಇತ್ತು. ‘ಎಷ್ಟು ಜನರಿಗೆ ಅರ್ಥವಾಯಿತು’ ಎಂಬ ಕಾಲಂ ಇರಲಿಲ್ಲ. ಅದನ್ನು ಸೇರಿಸಿ ಎಂದು ನಾನು ಕೇಳಿದೆ. ಇನ್ನೂ ಸೇರಿಸಿಲ್ಲ.

ಇಂತಹ ಇಂಟರ್ನ್‌ಶಿಪ್‌ಗೆ ಹೋಗುವ ಗೆಳೆಯ, ಗೆಳತಿಯರಿಗೆ ನನ್ನದೊಂದು ಕೋರಿಕೆ. ಸ್ಟೈಪೆಂಡ್ ಎಷ್ಟು ಎಂದು ಸಂಕೋಚಪಡದೆ ಮೊದಲೇ ಕೇಳಿ. ನಮ್ಮ ಬದುಕಿನ ಲೆಕ್ಕವೂ ಲೆಕ್ಕವೇ. ಕ್ಯಾನ್ವಾ ಕಲಿಯಿರಿ, ವಿಡಿಯೊ ಎಡಿಟಿಂಗ್ ಕಲಿಯಿರಿ. ಆದರೆ ಬರೆಯುವ ಮೊದಲು ಒಂದು ದಿನ ಬ್ಯಾಂಕಿನ ಸಾಲದ ಮೇಜಿನ ಎದುರು, ಇನ್ನೊಂದು ದಿನ ಸಾಲ ತೀರಿಸುತ್ತಿರುವವರ ಮನೆಯಲ್ಲಿ ಕುಳಿತು ಬನ್ನಿ. ನೀವು ಬರೆದದ್ದನ್ನು ಯಾರೋ ಒಬ್ಬರು ನಂಬುತ್ತಾರೆ.

ಆ ಹುಡುಗ ಈಗ ಅಣ್ಣಿಗೇರಿಯಲ್ಲಿ ಬೇರೆಯವರ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಬಡ್ಡಿ ಸಾಲ ತೀರಿಸುತ್ತಿದ್ದಾನೆ. ಸ್ವಂತ ಅಂಗಡಿಯ ಆಸೆ ಬಿಟ್ಟಿಲ್ಲ. ಹೋದ ತಿಂಗಳು ಒಂದು ಕೊಟೇಶನ್‌ನ ಫೋಟೊ ಕಳಿಸಿ, ‘ಅಕ್ಕಾರ, ಇದು ಬರೋಬ್ಬರಿ ಐತೇನ್ರಿ?’ ಎಂದು ಕೇಳಿದ್ದ. ಈ ಸಲ ನಾನು ಹಿರಿಯರನ್ನು ಕೇಳಿ ತಿಳಿದುಕೊಂಡ ಮೇಲೆಯೇ ಉತ್ತರಿಸಿದೆ.